ಗೊತ್ತಪ್ಪ ಎಲ್ಲವನ್ನೂ ಒಮ್ಮೆಗೇ ಹೊರಗಿಟ್ಟದ್ದು

ಗೊತ್ತಪ್ಪನ ನಿಜವಾದ ಹೆಸರು ಅವನ ಸಂಬಳದ ಚೀಟಿಗೆ ಬಿಟ್ಟರೆ ಬೇರೆ ಯಾರಿಗೂ ನೆನಪಿರಲಿಲ್ಲ. ಬೀದಿಯವರು, ಕಚೇರಿಯವರು, ಕೊನೆಗೆ ಹೆಂಡತಿಯ ತವರಿನವರು ಕೂಡ ಅವನನ್ನು ಗೊತ್ತಪ್ಪ ಎಂದೇ ಕರೆಯುತ್ತಿದ್ದರು. ಯಾರು ಏನು ಹೇಳಲು ಬಾಯಿ ತೆರೆದರೂ, ಅವರು ಎರಡನೆಯ ಮಾತಿಗೆ ಬರುವ ಮೊದಲೇ ಅವನು "ಗೊತ್ತು ಗೊತ್ತು" ಎಂದುಬಿಡುತ್ತಿದ್ದ. ಹೆಣ್ಣು ನೋಡಲು ಹೋದ ದಿನ ಮಾವನವರು ತಗ್ಗಿದ ದನಿಯಲ್ಲಿ "ನಮ್ಮ ಹುಡುಗಿಗೆ ಕೋಪ ಸ್ವಲ್ಪ..." ಎನ್ನುತ್ತಿದ್ದಂತೆ "ಗೊತ್ತು ಗೊತ್ತು" ಎಂದಿದ್ದ. ಗೊತ್ತಾದದ್ದು ಮದುವೆಯ ಮೇಲೆ.

ಅವನು ನಗರದ ಬಸ್ ಸಂಸ್ಥೆಯಲ್ಲಿ ಗುಮಾಸ್ತ. ದೊಡ್ಡ ಬಸ್ ನಿಲ್ದಾಣದಲ್ಲಿ, ಟಿಕೆಟ್ ಕೌಂಟರಿಗೂ ಶೌಚಾಲಯಕ್ಕೂ ನಡುವೆ, "ಕಳೆದ ವಸ್ತುಗಳ ವಿಭಾಗ" ಎಂಬ ಬೋರ್ಡು ತೂಗುವ ಉದ್ದನೆಯ ಕೋಣೆಯೊಂದಿತ್ತು. ಆ ಕೋಣೆಗೆ ಅವನೇ ರಾಜ, ಅವನೇ ಪ್ರಜೆ. ಪ್ರಯಾಣಿಕರು ಬಸ್ಸಿನಲ್ಲಿ ಮರೆತು ಇಳಿದದ್ದನ್ನೆಲ್ಲ ಕಂಡಕ್ಟರುಗಳು ಸಂಜೆ ಅಲ್ಲಿಗೆ ತಂದು ಸುರಿಯುತ್ತಿದ್ದರು. ಛತ್ರಿಗಳು, ಊಟದ ಡಬ್ಬಿಗಳು, ಒಂಟಿ ಚಪ್ಪಲಿಗಳು, ಕನ್ನಡಕಗಳು, ಒಂದು ತುತ್ತೂರಿ, ಕಪಾಟಿನೊಳಗೇ ಟಿಕ್ ಟಿಕ್ ಎನ್ನುತ್ತಿದ್ದ ಒಂದು ಗೋಡೆ ಗಡಿಯಾರ. ಚೌಕಟ್ಟಿನ ಸಮೇತ ಒಂದು ಬಾಗಿಲು ಕೂಡ ಇತ್ತು. ಬಾಗಿಲನ್ನು ಬಸ್ಸಿನಲ್ಲಿ ಬಿಟ್ಟು ಇಳಿದವನು ಮನೆಗೆ ಹೋಗಿ ಏನನ್ನು ತೆರೆದನೋ ದೇವರಿಗೇ ಗೊತ್ತು. ಮೂಲೆಯ ಕಪಾಟಿನಲ್ಲಿ ಮೂರು ಉಣ್ಣೆಯ ವಸ್ತುಗಳಿದ್ದವು. ಅವು ಏನೆಂದು ಸ್ವತಃ ಗೊತ್ತಪ್ಪನಿಗೂ ಗೊತ್ತಾಗಿರಲಿಲ್ಲ. "ಉಣ್ಣೆ, ಉಪಯೋಗ ತಿಳಿಯದು" ಎಂಬ ಚೀಟಿ ಅಂಟಿಸಿ, ನುಸಿಗುಳಿಗೆ ಹಾಕಿ, ಜೋಪಾನವಾಗಿ ಕಾಪಾಡಿಕೊಂಡು ಬಂದಿದ್ದ.

ನಿಯಮದ ವಿಷಯದಲ್ಲಿ ಅವನು ಬಲು ಖಡಕ್ಕು. ವಸ್ತುವನ್ನು ನೋಡದೆ ಅದರ ಗುರುತು ಹೇಳಬೇಕು, ಹೇಳಿದ್ದು ತಾಳೆಯಾಗಬೇಕು, ಆಗ ಮಾತ್ರ ವಾಪಸ್ಸು. ಕಳೆದ ಮಳೆಗಾಲದಲ್ಲಿ ಅವನೇ ತನ್ನ ಕಪ್ಪು ಛತ್ರಿಯನ್ನು ಬಸ್ಸಿನಲ್ಲಿ ಬಿಟ್ಟು ಇಳಿದಿದ್ದ. ಮಾರನೆಯ ದಿನ ಕಂಡಕ್ಟರು ಅದನ್ನು ಅವನ ಮೇಜಿಗೇ ತಂದಿಟ್ಟ. ಅದು ತನ್ನದೇ ಎಂಬ ಬಲವಾದ ಅನುಮಾನ ಗೊತ್ತಪ್ಪನಿಗೆ ಬಂತು. ಕಣ್ಣು ಮುಚ್ಚಿಕೊಂಡು "ಗುರುತೇನು?" ಎಂದು ತನ್ನನ್ನೇ ಕೇಳಿಕೊಂಡ. ಎಷ್ಟು ಹೊತ್ತಾದರೂ ಉತ್ತರ ಬರಲಿಲ್ಲ. "ಗುರುತು ಹೇಳ್ದೆ ಕೊಡೋಕಾಗಲ್ಲ, ಬೇಜಾರು ಮಾಡ್ಕೋಬೇಡಿ" ಎಂದು ತನಗೆ ತಾನೇ ತಿಳಿಹೇಳಿ, ಛತ್ರಿಯನ್ನು ಒಳಗಿಟ್ಟು, ತೊಯ್ದು ತೊಪ್ಪೆಯಾಗಿ ಮನೆ ಸೇರಿದ್ದ. ಹೆಂಡತಿ ಕೇಳಿದರೆ "ಛತ್ರಿ ಕಚೇರಿಯಲ್ಲಿದೆ" ಎಂದಿದ್ದ. ಸುಳ್ಳೇನೂ ಅಲ್ಲ.

ಆದರೂ ಆ ಕೋಣೆಯೆಂದರೆ ಅವನಿಗೆ ಪ್ರಾಣ. ಕಳೆದುಕೊಂಡದ್ದು ಮತ್ತೆ ಕೈಗೆ ಬಂದಾಗ ಮನುಷ್ಯರ ಮುಖ ಒಂದು ತರಹ ಅರಳುತ್ತದೆ. ಹರಕು ಚೀಲವೇ ಆಗಲಿ, ಜಜ್ಜಿದ ಡಬ್ಬಿಯೇ ಆಗಲಿ, ಆ ಅರಳುವಿಕೆಯಲ್ಲಿ ವ್ಯತ್ಯಾಸವಿಲ್ಲ. ಅದನ್ನು ನೋಡುವುದಕ್ಕೇ ಅವನು ಬೆಳಿಗ್ಗೆ ಎದ್ದು ಬರುತ್ತಿದ್ದ.

ಇಂಥ ನೆಮ್ಮದಿಯ ಬದುಕಿಗೆ ಒಂದು ಸೋಮವಾರ ಆ್ಯಪ್ ವಕ್ಕರಿಸಿತು.

ಸಂಸ್ಥೆಯ ಸಾಹೇಬರು ಮಹಡಿಯ ಮೇಲಿನ ಕೋಣೆಯಲ್ಲಿ ಸಭೆ ಕರೆದರು. ಸಾಹೇಬರು ಎತ್ತರದ ಆಳು, ದನಿ ದಪ್ಪ. ಬಸ್ ಸಂಸ್ಥೆಯ ಸಾಹೇಬನಾದವನು ಬಸ್ಸಿನಲ್ಲೇ ಓಡಾಡಬೇಕೆಂಬುದು ಅವರ ವ್ರತ. ಕೆಳಗಿನ ಕಳೆದ ವಸ್ತುಗಳ ಕೋಣೆಗೆ ಮಾತ್ರ ಅವರು ಒಂದು ದಿನವೂ ಕಾಲಿಟ್ಟವರಲ್ಲ. ಚಳಿಗಾಲ ಶುರುವಾಗಿತ್ತು. ತೆಳ್ಳನೆಯ ಅಂಗಿ ತೊಟ್ಟು ಅಂಗೈ ಉಜ್ಜಿಕೊಳ್ಳುತ್ತ ಸಾಹೇಬರು ಶುರುಮಾಡಿದರು.

"ನೋಡಿ, ಕಳ್ಕೊಂಡವರ ಸಂಕಟ ಏನು ಅಂತ ನನ್ನ ಕೇಳಿ. ನಮ್ಮನೆಯವಳು ಪ್ರತಿ ವರ್ಷ ಕಷ್ಟಪಟ್ಟು ಒಂದು ಸ್ವೆಟರ್ ಹೆಣೀತಾಳೆ. ಪ್ರತಿ ವರ್ಷ ನಾನು ಅದನ್ನ ಬಸ್ಸಲ್ಲಿ ಕಳ್ಕೊಂಡು ಬರ್ತೀನಿ. ಮೂರು ಚಳಿಗಾಲ, ಮೂರು ಸ್ವೆಟರ್! ಅವಳ ಮುಖ ನೋಡೋಕಾಗಲ್ಲ. ಅದಕ್ಕೇ ಈ ಆ್ಯಪ್. ಇನ್ಮೇಲೆ ಜನ ಮನೇಲೇ ಕೂತು ಫೋನಲ್ಲಿ ಹುಡುಕ್ಕೋಬಹುದು."

ಎಲ್ಲರೂ ಸಾಹೇಬರ ದುಃಖಕ್ಕೆ ತಲೆದೂಗಿದರು. ಪಕ್ಕದಲ್ಲಿ ಕೂತಿದ್ದ ಹುಡುಗಿ ಲ್ಯಾಪ್‌ಟಾಪು ತೆರೆದಳು. ಆ್ಯಪ್ ಮಾಡುವ ಕೆಲಸ ಅವಳದು. ಚುರುಕು ಕಣ್ಣು, ಮಾತು ಅದಕ್ಕಿಂತ ಚುರುಕು.

"ಒಂದೇ ವಿಷಯ ತೀರ್ಮಾನ ಆಗ್ಬೇಕು, ಸರ್. ಆ್ಯಪ್ ತೆರೆದ ಕೂಡ್ಲೇ ಡೇಟಾ ಎಲ್ಲಾ ಒಟ್ಟಿಗೆ ಲೋಡ್ ಆಗ್ಬೇಕಾ, ಇಲ್ಲ ಜನ ಕೇಳಿದಾಗ ಕೇಳಿದಷ್ಟೇ ಬರ್ಬೇಕಾ? ಆಮೇಲೆ ಆ ಡೇಟಾನ ಇಡೋದೆಲ್ಲಿ? ಜನರ ಫೋನಲ್ಲಾ, ನಮ್ಮ ಸರ್ವರಲ್ಲಾ? ಇದನ್ನ ನಾನೊಬ್ಬಳೇ ಹೇಳೋಕಾಗಲ್ಲ. ಇಲ್ಲಿ ಕೆಲಸ ಹೇಗೆ ನಡೆಯುತ್ತೆ ಅಂತ ಗೊತ್ತಿರೋರು..."

"ಗೊತ್ತು ಗೊತ್ತು" ಎಂದಿತು ಒಂದು ದನಿ.

ಸಭೆಯಲ್ಲಿದ್ದ ತಲೆಗಳೆಲ್ಲ ಒಟ್ಟಿಗೆ ತಿರುಗಿದವು. ಗೊತ್ತಪ್ಪನ ತಲೆಯೂ ತಿರುಗಿತು, ಯಾರು ಹೇಳಿದ್ದೆಂದು ನೋಡಲು. ಹಿಂದೆ ಗೋಡೆಯಷ್ಟೇ ಇತ್ತು.

"ಶಭಾಷ್!" ಎಂದರು ಸಾಹೇಬರು. "ಇವತ್ತಿಂದ ಡೇಟಾದ ಜವಾಬ್ದಾರಿ ನಿಮ್ದು. ಶುಕ್ರವಾರದೊಳಗೆ ತೀರ್ಮಾನ ಹೇಳ್ಬೇಕು. ಆಗ್ಲಿಲ್ಲ ಅಂದ್ರೆ ಊರಾಚೆ ಬಸ್ ತೊಳೆಯೋ ಡಿಪೋದಲ್ಲಿ ಒಂದು ಜಾಗ ಖಾಲಿ ಇದೆ. ಈ ಕೋಣೆಗೆ ಬೇರೆಯವರನ್ನ ನೋಡ್ಕೋತೀನಿ."

ಆ ಡಿಪೋಗೆ ವರ್ಗವಾದವರು ವರ್ಷವಿಡೀ ಒದ್ದೆಯಾಗಿಯೇ ಇರುತ್ತಾರೆಂದು ಪ್ರತೀತಿ. ಇರಲಾರದೆ ಇರುವೆ ಬಿಟ್ಟುಕೊಂಡ ಗೊತ್ತಪ್ಪ ಮೆಲ್ಲನೆ ಮೆಟ್ಟಿಲಿಳಿದ.

ಅವಮಾನವನ್ನು ಬಡ್ತಿಯ ಹಾಗೆ ಹೊತ್ತು ತಿರುಗುವ ಕಲೆ ಕೆಲವರಿಗೆ ಹುಟ್ಟಿನಿಂದ ಬಂದಿರುತ್ತದೆ. ಸಂಜೆ ಮನೆ ಮುಟ್ಟುವಷ್ಟರಲ್ಲಿ ಅವನು "ಡೇಟಾ ಮುಖ್ಯಸ್ಥ" ಆಗಿದ್ದ. ಎದುರುಮನೆಯ ನಿವೃತ್ತ ಮೇಷ್ಟ್ರು ಗೇಟಿನಲ್ಲೇ ಹಿಡಿದುಕೊಂಡರು.

"ಏನು ಕೆಲಸವಪ್ಪಾ ಅದು?"

"ಹೇಳಿದ್ರೆ ನಿಮಗೆ ಅರ್ಥ ಆಗಲ್ಲ, ಮೇಷ್ಟ್ರೇ."

"ಮೂವತ್ತು ವರ್ಷ ಗಣಿತ ಕಲಿಸಿದೀನಿ ಕಣಯ್ಯಾ."

"ಅದಕ್ಕೇ ಹೇಳಿದ್ದು. ಇದು ಲೆಕ್ಕಕ್ಕೆ ಸಿಗೋದಲ್ಲ."

ಮೇಷ್ಟ್ರು ಗೌರವದಿಂದ ಗೇಟು ಬಿಟ್ಟರು. ಒಳಗೆ ಹೆಂಡತಿ ಹೊಲಿಗೆ ಮೆಷಿನ್ನಿನ ಮುಂದೆ ಕೂತು ಯಾರದೋ ರವಿಕೆಗೆ ತೋಳು ಕೂಡಿಸುತ್ತಿದ್ದಳು. ಕಾಲು ನಿಲ್ಲಿಸದೆ ಎಲ್ಲವನ್ನೂ ಕೇಳಿಸಿಕೊಂಡಳು.

"ಅಂದ್ರೆ ಎಲ್ಲಾ ಒಟ್ಟಿಗೆ ತರ್ಬೇಕೋ, ಒಂದೊಂದಾಗಿ ತರ್ಬೇಕೋ ಅಂತ ನೀವು ಹೇಳ್ಬೇಕು. ಡೇಟಾ ಅಂದ್ರೆ ಏನು ಅಂತ ನಿಮಗೆ ಗೊತ್ತಾ?"

"ಗೊತ್ತು" ಎಂದ ಗೊತ್ತಪ್ಪ.

ಮೆಷಿನ್ನು ನಿಂತಿತು. ಎರಡು ಸಲ ಹೇಳಿದರೆ ಅದು ಅಭ್ಯಾಸ, ಒಂದೇ ಸಲ ಹೇಳಿದರೆ ಹೆದರಿಕೆ ಎಂಬುದು ಆ ಮನೆಯಲ್ಲಿ ಅವಳಿಗೆ ಮಾತ್ರ ತಿಳಿದ ಸತ್ಯ. "ಡಿಪೋಗೆ ಹಾಕಿದ್ರೆ ಬೆಳಿಗ್ಗೆ ಕತ್ತಲಲ್ಲಿ ಹೋಗಿ ರಾತ್ರಿ ಕತ್ತಲಲ್ಲಿ ಬರ್ತೀರಿ. ನಿಮ್ಮ ಮುಖ ನಾನು ಭಾನುವಾರ ನೋಡ್ಬೇಕು" ಎಂದಳು. "ನಾಳೆ ಆ ಹುಡುಗೀನೇ ಬಿಡಿಸಿ ಕೇಳಿ. ಗೊತ್ತಿಲ್ಲ ಅನ್ನೋದಕ್ಕೆ ನಾಲಿಗೆ ಬಿದ್ದೋಗಲ್ಲ."

ಮಾರನೆಯ ದಿನ ಹುಡುಗಿ ತಾನೇ ಕೌಂಟರಿಗೆ ಬಂದಳು. ಗೊತ್ತಪ್ಪ "ಗೊತ್ತಿಲ್ಲ" ಎನ್ನಲು ಮೂರು ಸಲ ಬಾಯಿ ತೆರೆದ. ಮೂರು ಸಲವೂ ಕೆಮ್ಮು ಬಂತು. ಅವಳಿಗೇ ಪಾಪ ಎನ್ನಿಸಿತೋ ಏನೋ.

"ಸುಲಭ ಸರ್. ಈ ನಿಮ್ಮ ಕೌಂಟರ್ ಇದ್ಯಲ್ಲ, ಇದನ್ನೇ ಜನರ ಫೋನು ಅಂದ್ಕೊಳ್ಳಿ. ಒಳಗಿರೋ ಕಪಾಟುಗಳೇ ಸರ್ವರ್. ಯಾರಾದ್ರೂ ಬಂದಾಗ ಕಪಾಟಲ್ಲಿರೋದನ್ನೆಲ್ಲ ತಂದು ಕೌಂಟರ್ ಮೇಲೆ ಹರಡ್ತೀರಾ? ಹರಡಿದ್ರೆ ಬಾಗಿಲು ತೆಗೆಯೋದು ತಡ ಆಗುತ್ತೆ, ಆದ್ರೆ ಆಮೇಲೆ ಕೇಳಿದ್ದು ಥಟ್ಟಂತ ಸಿಗುತ್ತೆ. ಇಲ್ಲ, ಒಬ್ಬೊಬ್ಬರು ಕೇಳಿದಾಗ ಒಳಗೆ ಹೋಗಿ ಒಂದೊಂದೇ ತರ್ತೀರಾ? ಆಗ ಬಾಗಿಲು ಬೇಗ ತೆಗೀಬಹುದು, ಆದ್ರೆ ಪ್ರತಿ ಸಲ ಕಾಯಿಸ್ಬೇಕು. ಎರಡನ್ನೂ ಊಹಿಸಿ ನೋಡಿ. ಯಾವುದು ಒಳ್ಳೇದು ಅಂತ ನಿಮಗೇ ಹೊಳೆಯುತ್ತೆ."

ಗೊತ್ತಪ್ಪನ ಕಣ್ಣಿಗೆ ಬೆಳಕು ಬಂತು. ಇಷ್ಟೇನಾ! "ಗೊತ್ತು ಗೊತ್ತು!" ಎಂದ, ಈ ಸಲ ಮನಸ್ಸು ತುಂಬಿ.

ಒಂದೊಂದೇ ತರುವುದು ಅವನು ದಿನಾ ಮಾಡುತ್ತಿದ್ದುದೇ. ಅದನ್ನು ಊಹಿಸುವ ಅಗತ್ಯವಿರಲಿಲ್ಲ. ಎಲ್ಲವನ್ನೂ ಒಮ್ಮೆಗೇ ತಂದರೆ ಹೇಗಿರುತ್ತದೆ? ಇದನ್ನು ಎಷ್ಟು ಊಹಿಸಿದರೂ ಛತ್ರಿಗಳಾಚೆಗೆ ಅವನ ಊಹೆ ಹೋಗಲಿಲ್ಲ. ಮಾಡಿ ನೋಡದೆ ತೀರ್ಮಾನ ಹೇಳುವುದು ಜವಾಬ್ದಾರಿಯುತ ಮುಖ್ಯಸ್ಥನ ಲಕ್ಷಣವೂ ಅಲ್ಲ. ಗುರುವಾರ ಬೆಳಿಗ್ಗೆ ಬೇಗ ಬಂದವನೇ ಕೋಣೆಯ ಶಟರನ್ನು ಒಳಗಿನಿಂದ ಎಳೆದುಕೊಂಡು ಲೋಡ್ ಮಾಡಲು ನಿಂತ.

ಮೊದಲು ಕೌಂಟರು ತುಂಬಿತು. ಆಮೇಲೆ ನೆಲ. ಆಮೇಲೆ ಅವನ ಕುರ್ಚಿ. ಬಾಗಿಲನ್ನು ತಂದು ನಿಲ್ಲಿಸಿದ ಮೇಲೆ ಅವನು ಒಳಗಿದ್ದಾನೋ ಹೊರಗಿದ್ದಾನೋ ಎಂಬುದೇ ಅವನಿಗೆ ತಿಳಿಯದಾಯಿತು. ಕೋಣೆ ತೆರೆಯುವ ಹೊತ್ತು ಮೀರಿ ಎಷ್ಟೋ ಆಗಿತ್ತು. ಶಟರಿನ ಹಿಂದಿನಿಂದ ಧಡ್, ಢಬ್, ಆಗಾಗ "ಅಯ್ಯಪ್ಪಾ" ಎಂಬ ಸದ್ದು. ಬಸ್ಸಿಗೆ ಕಾಯುವವರಿಗೆ ಕೆಲಸವೇನು? ಗುಂಪು ಕೂಡಿತು.

"ಏನಂತೆ?"

"ವಿಭಾಗ ಮುಚ್ತಾರಂತೆ."

"ಹೌದಾ? ಒಳಗಿರೋದನ್ನ ಏನು ಮಾಡ್ತಾರಂತೆ?"

"ಏನು ಮಾಡ್ತಾರೆ? ಹಂಚ್ತಾರೆ."

"ಯಾರಿಗೆ?"

"ಸಾಲಲ್ಲಿ ಮೊದಲು ನಿಂತವರಿಗೆ."

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ. ಸಾಲು ನಿಲ್ದಾಣದ ಗೇಟು ದಾಟಿ, ತಿರುವಿನ ಔಷಧಿ ಅಂಗಡಿಯನ್ನು ಸುತ್ತಿ ಬಂತು. ಔಷಧಿ ಅಂಗಡಿಯವನೂ ಅಂಗಡಿ ಬಿಟ್ಟು ಬಂದು ಸಾಲಿಗೆ ನಿಂತ. ಸುದ್ದಿ ಬೀದಿಗೆ ಮುಟ್ಟಿ ಮೇಷ್ಟ್ರೂ ಚೀಲ ಹಿಡಿದು ಬಂದರು.

ಕೊನೆಗೂ ಶಟರು ಮೇಲೆದ್ದಿತು. ಒಳಗಿನ ರಾಶಿ ಅಷ್ಟು ಹೊತ್ತೂ ಆ ಶಟರಿಗೇ ಒರಗಿತ್ತು. ಅದು ಎದ್ದ ಕೂಡಲೇ ಛತ್ರಿ, ಡಬ್ಬಿ, ಚಪ್ಪಲಿಗಳೆಲ್ಲ ಭರ್ರನೆ ಫುಟ್‌ಪಾತಿಗೆ ಇಳಿದುಬಂದವು. ಅವುಗಳ ಹಿಂದೆ ತಲೆಗೆ ಯಾರದೋ ಟೊಪ್ಪಿ ಅಂಟಿಸಿಕೊಂಡ ಗೊತ್ತಪ್ಪನೂ ಇಳಿದುಬಂದ.

"ಎಲ್ಲಾ ಲೋಡ್ ಆಗಿದೆ!" ಎಂದು ಘೋಷಿಸಿದ. "ಈಗ ಕೇಳಿ, ಥಟ್ಟಂತ ಕೊಡ್ತೀನಿ. ಗುರುತು ಮಾತ್ರ ಹೇಳ್ಬೇಕು!"

"ಆ ತುತ್ತೂರಿ ನಂದು" ಎಂದ ಮುಂದಿದ್ದವನು.

"ಗುರುತು?"

"ಊದಿದ್ರೆ ಸದ್ದು ಬರುತ್ತೆ."

ಗೊತ್ತಪ್ಪ ತುತ್ತೂರಿಯನ್ನು ಎತ್ತಿ ಊದಿದ. ಸದ್ದು ಬಂತು. ನಿಯಮ ಎಂದರೆ ನಿಯಮ. ತುತ್ತೂರಿ ಹೋಯಿತು.

ಮೇಷ್ಟ್ರು ಕನ್ನಡಕಗಳ ರಾಶಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಒಂದೊಂದನ್ನೇ ಮೂಗಿಗೇರಿಸಿ ಎದುರಿನ ಬಸ್ಸಿನ ಬೋರ್ಡನ್ನು ಓದಲು ನೋಡುತ್ತಿದ್ದರು. "ಮೇಷ್ಟ್ರೇ, ನೀವು ಕನ್ನಡಕ ಕಳ್ಕೊಂಡೇ ಇಲ್ವಲ್ಲ" ಎಂದರೆ, "ಇನ್ಮೇಲೆ ಕಳ್ಕೊಂಡ್ರೆ ಇರ್ಲಿ ಅಂತ ಕಣಯ್ಯಾ" ಎಂದರು. ಅಷ್ಟರಲ್ಲಿ ಪೊಲೀಸಪ್ಪ ಲಾಠಿ ತಿರುಗಿಸುತ್ತ ಬಂದ.

"ಫುಟ್‌ಪಾತಲ್ಲಿ ಅಂಗಡಿ ಹಾಕೋಕೆ ಯಾರ್ರೀ ಪರ್ಮಿಶನ್ ಕೊಟ್ಟಿದ್ದು?"

"ಅಂಗಡಿ ಅಲ್ಲ ಸ್ವಾಮಿ, ಡೇಟಾ."

"ಡೇಟಾನೋ ಗೀಟಾನೋ, ತೆಗೀರಿ ಮೊದ್ಲು. ಇಲ್ಲಾಂದ್ರೆ..." ಎಂದು ಪೊಲೀಸಪ್ಪ ಸೀಟಿ ಊದಲು ಜೇಬು ತಡಕಿದ. ಜೇಬಿನಲ್ಲಿ ಸೀಟಿ ಇರಲಿಲ್ಲ. ಅವನ ದನಿ ಇದ್ದಕ್ಕಿದ್ದಂತೆ ಮೆತ್ತಗಾಯಿತು. ಬಗ್ಗಿ ಗೊತ್ತಪ್ಪನ ಕಿವಿಯಲ್ಲಿ ಕೇಳಿದ: "ಒಂದು ಸೀಟಿ ಏನಾದ್ರೂ ಬಂದಿತ್ತಾ? ಕೆಂಪು ದಾರ. ಬಾಯಿ ಹತ್ರ ಹಲ್ಲಿನ ಗುರುತು." ಬಂದಿತ್ತು. ಕೆಂಪು ದಾರ, ಹಲ್ಲಿನ ಗುರುತು, ಎಲ್ಲ ತಾಳೆಯಾಯಿತು. ಪೊಲೀಸಪ್ಪನ ಮುಖ ಅರಳಿತು, ಗೊತ್ತಪ್ಪನ ಎದೆ ತುಂಬಿತು. ಮುಂದಿನ ಕ್ಷಣದಲ್ಲಿ ಅದೇ ಸೀಟಿಯಿಂದ ಅವನನ್ನೇ ಗದರಿಸಲಾಯಿತು.

"ದಾರಿ ಬಿಡಿಸ್ರೀ!"

ಇಲ್ಲಿ ಗೊತ್ತಪ್ಪನಿಗೆ ಹುಡುಗಿಯ ಎರಡನೆಯ ಪ್ರಶ್ನೆ ನೆನಪಾಯಿತು. ಡೇಟಾವನ್ನು ಜನರ ಹತ್ತಿರವೇ ಇಟ್ಟರೆ? ಎಂಥ ಸೊಗಸಾದ ಉಪಾಯ! ಫುಟ್‌ಪಾತೂ ಖಾಲಿ, ಕಪಾಟೂ ಖಾಲಿ. "ಎಲ್ರೂ ಒಬ್ಬೊಬ್ಬರು ಒಂದೊಂದು ಹಿಡ್ಕೊಂಡು ನಿಂತ್ಕೊಳ್ಳಿ!" ಎಂದು ಕೂಗಿದ. "ಇದು ಬರೀ ಪ್ರಯೋಗ. ಯಾರೂ ಅಲ್ಲಾಡ್ಬೇಡಿ!"

ಜನ ವಿಧೇಯರಾಗಿ ಎತ್ತಿಕೊಂಡರು. ಗಡಿಯಾರ ಒಬ್ಬಳ ಕಂಕುಳಿಗೆ ಹೋಯಿತು, ಬಾಗಿಲನ್ನು ಇಬ್ಬರು ಹೊತ್ತರು. ಫುಟ್‌ಪಾತು ಕನ್ನಡಿಯಂತಾಯಿತು. ಪ್ರಯೋಗ ಗೆದ್ದಿತು ಎನ್ನುವಷ್ಟರಲ್ಲಿ ಒಂಬತ್ತನೇ ನಂಬರಿನ ಬಸ್ಸು ಬಂತು. ಅದರ ಹಿಂದೆಯೇ ಇನ್ನೂ ಎರಡು. ಅಷ್ಟು ಹೊತ್ತು ಕಾದಿದ್ದ ಜನ ಕೈಯಲ್ಲಿದ್ದದ್ದನ್ನು ಕೈಯಲ್ಲೇ ಹಿಡಿದು ಬಸ್ಸು ಹತ್ತಿದರು. ಬಾಗಿಲನ್ನು ಅಡ್ಡಡ್ಡ ತುರುಕಿದರು. ಟಿಕ್ ಟಿಕ್ ಎನ್ನುತ್ತ ಗಡಿಯಾರವೂ ಹೊರಟುಹೋಯಿತು.

ಹುಡುಗಿ ಓಡಿ ಬಂದಾಗ ಗೊತ್ತಪ್ಪ ಖಾಲಿ ಫುಟ್‌ಪಾತಿನ ನಡುವೆ ಗರಬಡಿದವನಂತೆ ನಿಂತಿದ್ದ.

"ಸರ್! ಊಹಿಸಿ ಅಂದೆ! ಊಹಿಸಿ!"

"ಊಹಿಸಿಯೇ ಮಾಡಿದ್ದು ಕಣಮ್ಮಾ" ಎಂದ ಅಳು ದನಿಯಲ್ಲಿ. ಕೌಂಟರಿನ ಮೇಲೆ ಉಳಿದಿದ್ದುದು ಯಾರಿಗೂ ಬೇಡವಾದ ಮೂರೇ ವಸ್ತುಗಳು. ಉಣ್ಣೆ, ಉಪಯೋಗ ತಿಳಿಯದು.

ಆಗ ಸಾಲಿನ ಕೊನೆಯಲ್ಲಿ ಉಳಿದಿದ್ದ ಒಬ್ಬ ಹೆಂಗಸು ಮುಂದೆ ಬಂದರು. ಕೈಯಲ್ಲಿ ಹೆಣಿಕೆ ಕಡ್ಡಿ, ಕಂಕುಳ ಚೀಲದಲ್ಲಿ ನೇರಳೆ ಉಣ್ಣೆಯ ಉಂಡೆ. ನಿಂತಲ್ಲೇ ಹೆಣೆಯುತ್ತ ಬಂದವರು ಕೌಂಟರಿನ ಮುಂದೆ ಬಂದು ಗಕ್ಕನೆ ನಿಂತರು.

"ಅಯ್ಯೋ! ಇದು ನಾನು ಹೆಣೆದಿದ್ದು!"

ಎಂಥ ಪ್ರಳಯದಲ್ಲೂ ಗೊತ್ತಪ್ಪನ ಕರ್ತವ್ಯಕ್ಕೆ ಚ್ಯುತಿಯಿಲ್ಲ. ಥಟ್ಟನೆ ಮೂರರ ಮೇಲೂ ಒಂದು ಟವೆಲ್ಲು ಮುಚ್ಚಿದ. "ಗುರುತು ಹೇಳಿ ಅಮ್ಮಾವ್ರೇ. ನೋಡದೆ."

"ಹಳದಿ. ಎಡತೋಳು ಬಲತೋಳಿಗಿಂತ ಒಂದು ಗೇಣು ಉದ್ದ. ಕತ್ತಿನ ಹತ್ರ ಒಂದು ಗುಂಡಿ ಮಾತ್ರ ಹಸಿರು. ಯಾಕಂದ್ರೆ ನೀಲಿ ಮುಗಿದಿತ್ತು."

ಟವೆಲ್ಲಿನಡಿ ಇಣುಕಿದ. ಗೇಣು ಹಾಕಿ ಅಳೆದ. ಅವನಿಗೆ ಆನಂದ ತಡೆಯಲಾಗಲಿಲ್ಲ. ಇಷ್ಟು ವರ್ಷದ ಒಗಟು ಒಡೆದಿತ್ತು. "ಓ, ಇದು ತೋಳಾ! ಸ್ವೆಟರಾ ಇದು! ಅಮ್ಮಾವ್ರೇ, ಇದೊಂದೇ ಅಲ್ಲ, ಇದರ ತಮ್ಮಂದಿರು ಇನ್ನಿಬ್ಬರಿದ್ದಾರೆ!"

ಹೆಂಗಸು ಮೂರನ್ನೂ ಎದೆಗವುಚಿಕೊಂಡರು. ಮುಖ ಅರಳಿತು, ಗೊತ್ತಪ್ಪ ಕಣ್ತುಂಬ ನೋಡಿದ. "ನಮ್ಮನೆಯವರು ಮೂರು ಸಲಾನೂ ಇಲ್ಲಿಗೆ ಬಂದು ಹುಡುಕಿಸಿದ್ರಂತೆ. ಸಿಗಲೇ ಇಲ್ಲ ಅಂದ್ರು."

"ಇಲ್ಲಿಗಾ? ಇದನ್ನ ಕೇಳ್ಕೊಂಡು ಒಂದು ನರಪಿಳ್ಳೆನೂ ಬಂದಿಲ್ಲ, ಅಮ್ಮಾವ್ರೇ." ಅಷ್ಟಕ್ಕೇ ನಿಲ್ಲಿಸಿದ್ದರೆ ಅವನು ಗೊತ್ತಪ್ಪನೇ ಅಲ್ಲ. ಗೊತ್ತಿದ್ದದ್ದನ್ನೆಲ್ಲ ಲೋಡ್ ಮಾಡಿದ. "ಮೂರೂ ಒಂದೇ ಬಸ್ಸಲ್ಲಿ ಸಿಕ್ಕಿದ್ದು. ಒಂಬತ್ತನೇ ನಂಬರು, ಕೊನೇ ಸೀಟಿನ ಅಡಿ. ಮರೆತು ಬಿಟ್ಟಿದ್ದು ಸೀಟಿನ ಮೇಲಿರುತ್ತೆ. ಇದನ್ನ ಪೇಪರಲ್ಲಿ ಸುತ್ತಿ, ದಾರ ಕಟ್ಟಿ, ಅಡಿಗೆ ತಳ್ಳಿದ್ರು. ಮರೆಯೋದಕ್ಕೆ ಇಷ್ಟು ಕಷ್ಟಪಡೋರನ್ನ ನಾನು ನೋಡೇ ಇಲ್ಲ!"

ಹೆಂಗಸಿನ ಮುಖ ಮೆಲ್ಲಗೆ ಮುಚ್ಚಿಕೊಂಡಿತು. ಹುಡುಗಿ ಗೊತ್ತಪ್ಪನ ತೋಳು ಜಿಗುಟಿದಳು. ಅವನು ತೋಳು ಉಜ್ಜಿಕೊಂಡನೇ ಹೊರತು ಅರ್ಥ ಮಾಡಿಕೊಳ್ಳಲಿಲ್ಲ.

ಅದೇ ಹೊತ್ತಿಗೆ ಮೆಟ್ಟಿಲ ಮೇಲಿಂದ ಗುಡುಗು ಕೇಳಿಸಿತು. "ಎಲ್ಲಿ ಅವನು? ಸಂಸ್ಥೆಯ ಮಾನ ಹರಾಜು ಹಾಕಿದವನು ಎಲ್ಲಿ? ಇವತ್ತೇ, ಈ ಕ್ಷಣವೇ ಡಿಪೋಗೆ..." ಎನ್ನುತ್ತ ಸಾಹೇಬರು ಮೊಟ್ಟಮೊದಲ ಬಾರಿಗೆ ಕಳೆದ ವಸ್ತುಗಳ ಕೋಣೆಗೆ ಕಾಲಿಟ್ಟರು. ಹೆಂಗಸನ್ನು ನೋಡಿದರು. ಅವರ ಎದೆಯ ಮೇಲಿದ್ದ ಹಳದಿಯನ್ನು ನೋಡಿದರು. ಯಾರೂ ಇನ್ನೂ ಒಂದು ಮಾತೂ ಆಡಿರಲಿಲ್ಲ.

"ನಾನಲ್ಲ!" ಎಂದರು ಸಾಹೇಬರು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಕಥೆ ನಮಗೆಲ್ಲ ಗೊತ್ತು. ಇಲ್ಲಿ ಕಳ್ಳ ಎಂದು ಕೂಗುವ ಮೊದಲೇ ಹೆಗಲು ಸಿಕ್ಕಿತ್ತು.

"ಸ್ವೆಟರ್ ಸಿಕ್ತು ರೀ" ಎಂದರು ಸಾಹೇಬರ ಹೆಂಡತಿ, ತಣ್ಣಗೆ.

"ಸಿಕ್ತಾ? ಅಯ್ಯೋ! ಎಂಥಾ... ಎಂಥಾ ಸಂತೋಷ!" ಸಾಹೇಬರ ಮುಖ ಬೇವಿನ ಕಷಾಯ ಕುಡಿದವರಂತಿತ್ತು.

"ಇಷ್ಟ ಇಲ್ಲ ಅಂತ ಒಂದು ಮಾತು ಅಂದಿದ್ರೆ ಹೆಣೀತಾನೇ ಇರ್ಲಿಲ್ಲ. ಮೂರು ವರ್ಷ, ನೀವು ಚಳೀಲಿ ನಡುಗೋದು ನೋಡಿ ನಾನು ಕಣ್ಣೀರು ಹಾಕಿದೀನಿ."

ಸಾಹೇಬರ ದಪ್ಪ ದನಿ ಸಣ್ಣಗಾಯಿತು. "ಇಷ್ಟ ಇಲ್ಲ ಅಂತಲ್ಲ ಕಣೇ. ಚುಚ್ಚುತ್ತೆ. ಆಮೇಲೆ ಆ ಎಡತೋಳು... ಸಹಿ ಮಾಡುವಾಗ ಶಾಯಿಗೆ ಬೀಳುತ್ತೆ. ನಿನಗೆ ನೋವಾಗುತ್ತೆ ಅಂತ ಹೇಳ್ಲಿಲ್ಲ."

ಹೆಂಡತಿ ಅವರನ್ನೇ ಒಂದು ಗಳಿಗೆ ನೋಡಿದರು. ನೋವಿತ್ತು, ನಿಜ. ಆದರೆ ಆ ಎತ್ತರದ ಆಳು ತಪ್ಪು ಮಾಡಿದ ಮಗುವಿನ ಹಾಗೆ ನಿಂತದ್ದನ್ನು ನೋಡಿ ತುಟಿಯ ಮೂಲೆ ಅದುರಿತು.

"ಹಾಕ್ಕೊಳ್ಳಿ."

"ಯಾವುದು?"

"ಮೂರೂ."

ಹಳದಿಯ ಮೇಲೆ ಹಸಿರು, ಹಸಿರಿನ ಮೇಲೆ ಇಟ್ಟಿಗೆ ಬಣ್ಣ. ಮೂರನೆಯದರ ಕತ್ತು ತಲೆಯಲ್ಲಿ ಇಳಿಯಲಿಲ್ಲ. ಪೊಲೀಸಪ್ಪ ಒಂದು ಕಡೆಯಿಂದ, ಮೇಷ್ಟ್ರು ಇನ್ನೊಂದು ಕಡೆಯಿಂದ ಎಳೆದರು. ಸಾಹೇಬರ ಮುಖ ಹೊರಗೆ ಬಂದಾಗ ಕೆಂಪಗಾಗಿತ್ತು. ಹುಡುಗಿ ನಗು ನುಂಗಿಕೊಂಡು ಸರಿಯಾದ ಸಮಯ ನೋಡಿ ಲ್ಯಾಪ್‌ಟಾಪು ತೆರೆದಳು.

"ಸರ್, ಹಾಗಾದ್ರೆ ಆ್ಯಪಲ್ಲಿ ಎಲ್ಲವನ್ನೂ ಒಮ್ಮೆಗೇ ಲೋಡ್ ಮಾಡಿ ತೋರ್ಸೋದಾ?"

"ಬೇಡ!" ಸಾಹೇಬರ ಕೂಗಿಗೆ ಪಾರಿವಾಳಗಳು ಹಾರಿದವು. "ಯಾವ ಕಾರಣಕ್ಕೂ ಬೇಡ! ಕೇಳಿದವರಿಗೆ ಕೇಳಿದ್ದು ಮಾತ್ರ. ಗುರುತು ಹೇಳಿದ ಮೇಲೆ. ಒಂದೊಂದಾಗಿ! ಜನರ ಹತ್ರ ಏನೂ ಇಡೋದು ಬೇಡ, ಎಲ್ಲಾ ಇಲ್ಲೇ ಇರ್ಲಿ. ಹಳೇದನ್ನೆಲ್ಲ ತಿಂಗಳಿಗೊಂದ್ಸಲ ಅಳಿಸಿಹಾಕಿ."

"ಅಳಿಸೋದು ಬೇಡಮ್ಮಾ" ಎಂದರು ಹೆಂಡತಿ. "ಇನ್ನೊಂದು. ಉಣ್ಣೆಯದು ಏನೇ ಸಿಕ್ಕಿದ್ರೂ ಯಾರೂ ಕೇಳೋ ಮೊದ್ಲೇ ನನ್ನ ಫೋನಿಗೆ ಬರ್ಬೇಕು. ಹಾಗೆ ಮಾಡೋಕಾಗುತ್ತಾ?"

"ಧಾರಾಳವಾಗಿ, ಮೇಡಂ."

ಸಾಹೇಬರು ಸಿಟ್ಟು ತೀರಿಸಿಕೊಳ್ಳಲು ಸುತ್ತ ನೋಡಿದರು. ಅದಕ್ಕಾಗಿ ಲೋಕದಲ್ಲಿ ಉಳಿದಿದ್ದವನು ಗೊತ್ತಪ್ಪ ಒಬ್ಬನೇ. "ನೀನು! ನಾಳೆಯಿಂದ ಡಿಪೋದಲ್ಲಿ..."

ಗೊತ್ತಪ್ಪ ಖಾಲಿ ಕಪಾಟುಗಳ ಕಡೆ ತಿರುಗಿ ನೋಡಿದ. ಅವನ ಬಾಯಿಂದ ಜೀವನದಲ್ಲಿ ಮೊದಲ ಬಾರಿಗೆ ಆ ಮಾತು ಹೊರಬಿತ್ತು. "ನಂಗೆ ಗೊತ್ತಿರಲಿಲ್ಲ ಸಾರ್. ಡೇಟಾ ಅಂದ್ರೆ ಏನು ಅಂತ ಮೊದಲಿಂದ್ಲೂ ಗೊತ್ತಿರಲಿಲ್ಲ."

"ಅವರು ಎಲ್ಲಿಗೂ ಹೋಗಲ್ಲ" ಎಂದರು ಸಾಹೇಬರ ಹೆಂಡತಿ. "ನೀವು ಬಿಸಾಕಿದ್ದನ್ನ ಅವರು ನುಸಿಗುಳಿಗೆ ಹಾಕಿ ಮೂರು ವರ್ಷ ಕಾಪಾಡಿದಾರೆ. ಅದೇನು ಅಂತ ಗೊತ್ತಿಲ್ದೆ! ಗೊತ್ತಿದ್ದ ನೀವು ಏನು ಮಾಡಿದ್ರಿ? ಇಂಥವರು ಇಲ್ಲೇ ಇರ್ಬೇಕು. ನನ್ನ ಮಾತು ಗೊತ್ತಾಯ್ತಾ?"

ಸಾಹೇಬರು ಮೂರು ಸ್ವೆಟರಿನೊಳಗಿಂದ ಬೆವರು ಒರೆಸಿಕೊಂಡರು. "ಗೊತ್ತು ಗೊತ್ತು" ಎಂದರು.

ಬಸ್ಸು ಹತ್ತಿ ಹೋದ ವಸ್ತುಗಳ ಗತಿಯೇನಾಯಿತು ಎಂದು ಓದುಗರು ಚಿಂತಿಸಬೇಕಾಗಿಲ್ಲ. ಸ್ವಂತದ್ದನ್ನೇ ಮರೆತು ಇಳಿಯುವ ಜನ ಪರರದ್ದನ್ನು ನೆನಪಿಟ್ಟುಕೊಂಡಾರೆಯೇ? ಸಂಜೆ ಕಂಡಕ್ಟರುಗಳು ಒಬ್ಬರ ಹಿಂದೊಬ್ಬರು ಬೈದುಕೊಂಡು ಬಂದು ಎಲ್ಲವನ್ನೂ ಮತ್ತೆ ಸುರಿದು ಹೋದರು. ಗಡಿಯಾರ ಬಂತು, ಬಾಗಿಲು ಬಂತು, ತುತ್ತೂರಿಯೂ ಬಂತು. ಕನ್ನಡಕಗಳು ಮಾತ್ರ ಒಂದೆರಡು ಕಡಿಮೆ ಬಂದವು. ಮೇಷ್ಟ್ರು ಬಸ್ಸು ಹತ್ತದೆ ನಡೆದೇ ಮನೆಗೆ ಹೋಗಿದ್ದರು.

ಗೊತ್ತಪ್ಪ ಅಂದು ನಡೆದದ್ದನ್ನೆಲ್ಲ ಹೆಂಡತಿಗೆ ಹೇಳಿದ. ಛತ್ರಿಯ ಕಥೆಯನ್ನೂ ಸೇರಿಸಿ ಹೇಳಿದ. ಅವಳು ರವಿಕೆಯ ಗುಂಡಿ ಹಚ್ಚುತ್ತ ಕೇಳಿಸಿಕೊಂಡಳು.

ಕೆಲವು ವಾರಗಳಲ್ಲಿ ಆ್ಯಪ್ ಬಂತು. ತೆರೆದರೆ ಒಂದೇ ಒಂದು ಖಾಲಿ ಚೌಕ, ಮೇಲೆ "ಏನು ಕಳೆದುಕೊಂಡಿರಿ? ಗುರುತೇನು?" ಎಂಬ ಪ್ರಶ್ನೆ. ಅಷ್ಟೇ. ಮೊದಲ ದಿನ ಮೊದಲ ಕೋರಿಕೆ ಗೊತ್ತಪ್ಪನ ಪರದೆಯ ಮೇಲೆ ಮೂಡಿತು. ಕಪ್ಪು ಛತ್ರಿ. ಅಂಚಿನ ಹತ್ತಿರ ಬಟ್ಟೆ ಹರಿದಲ್ಲಿ ನೀಲಿ ದಾರದ ಹೊಲಿಗೆ. ಒಂದು ಕಡ್ಡಿ ಮುರಿದಿದೆ, ಅದಕ್ಕೆ ಹೇರ್‌ಪಿನ್ನು ಕಟ್ಟಿದೆ.

ಅವನು ಒಳಗೆ ಹೋಗಿ ಛತ್ರಿಗಳನ್ನು ಒಂದೊಂದಾಗಿ ಬಿಡಿಸಿ ನೋಡಿದ. ನೀಲಿ ದಾರ, ಹೇರ್‌ಪಿನ್ನು ಎರಡೂ ಸಿಕ್ಕಿದ್ದು ತನ್ನದಿರಬಹುದು ಎಂದು ಅವನು ಅನುಮಾನಿಸಿದ್ದ ಛತ್ರಿಯಲ್ಲೇ. ಸಣ್ಣಗೆ ನಿಟ್ಟುಸಿರು ಬಿಟ್ಟ. ಅಂತೂ ಅದು ತನ್ನದಲ್ಲ. ಅಂದು ನಿಯಮ ಮುರಿದು ಒಯ್ಯದಿದ್ದದ್ದು ಎಷ್ಟು ಒಳ್ಳೆಯದಾಯಿತು! ಛತ್ರಿಯ ಧೂಳು ಒರೆಸಿ, ಕೌಂಟರಿನ ಮೇಲಿಟ್ಟು, ಮುಖ ಅರಳುವುದನ್ನು ನೋಡಲು ಕಾದು ಕೂತ.

ಬಾಗಿಲಲ್ಲಿ ಹೆಂಡತಿ ಬಂದು ನಿಂತಳು.

"ನೀನಾ? ಇಲ್ಲೇನು?"

"ಛತ್ರಿ ತಗೊಂಡು ಹೋಗೋಕೆ ಬಂದೆ. ಸಹಿ ಎಲ್ಲಿ ಹಾಕ್ಬೇಕು?"

ಗೊತ್ತಪ್ಪ ಛತ್ರಿಯನ್ನು ನೋಡಿದ, ಅವಳನ್ನು ನೋಡಿದ. ನಿಯಮದ ಪ್ರಕಾರ ಇನ್ನೊಂದು ಪ್ರಶ್ನೆ ಬಾಕಿಯಿತ್ತು. ಗಂಟಲು ಸರಿಮಾಡಿಕೊಂಡು ಕೇಳಿದ: "ಛತ್ರಿ ಯಾರದಮ್ಮಾ?"

"ನನ್ನ ಗಂಡಂದು" ಎಂದಳು ಅವಳು, ನಗು ತಡೆದುಕೊಂಡು. "ಹರಿದಾಗೆಲ್ಲ ಹೊಲಿದುಕೊಡೋಳು ನಾನು. ಪಾಪ, ಅವರಿಗೆ ಏನೂ ಗೊತ್ತಾಗಲ್ಲ."

ಹೊರಗೆ ಹನಿಯಲು ಶುರುವಾಗಿತ್ತು. ಛತ್ರಿಯನ್ನು ಎರಡೂ ಕೈಯಲ್ಲಿ ಎತ್ತಿ ಅವಳಿಗೆ ಕೊಡುತ್ತ ಅವನು ಅವಳ ಮುಖವನ್ನೇ ನೋಡಿದ.

"ಗೊತ್ತು ಗೊತ್ತು" ಎಂದ.